ಸಕ್ಕರೆ ಲಸಿಕೆ: ಬ್ಯಾಕ್ಟೀರಿಯಾದಿಂದ ಸುಲಿದು ತರೋದಾ, ಫ್ಲಾಸ್ಕಿನಲ್ಲಿ ಕಟ್ಟೋದಾ?

ಕಲಿಯುವಾಕೆ

ಎಲ್ಲರಿಗೂ ನಮಸ್ಕಾರ. ನಾನು ಆರ್ಗ್ಯಾನಿಕ್ ಕೆಮಿಸ್ಟ್ರಿ ಓದಿದವಳು. ಪಿಎಚ್‌ಡಿಗೆ ಸೇರಿ ನಾಲ್ಕು ತಿಂಗಳಾಯಿತು. ಬ್ಯಾಕ್ಟೀರಿಯಾದ ಸಕ್ಕರೆ ಸರಪಳಿಯಿಂದ ಲಸಿಕೆ ಮಾಡುವುದು ನನ್ನ ವಿಷಯ. ಎರಡು ದಾರಿ ಇದೆ, ಒಂದನ್ನು ಆರಿಸಿಕೋ ಎಂದಿದ್ದಾರೆ ಗೈಡ್. ಬ್ಯಾಕ್ಟೀರಿಯಾ ಬೆಳೆಸಿ, ಅದರ ಮೈಮೇಲಿನ ಸಕ್ಕರೆ ಸರಪಳಿ (ಪಾಲಿಸ್ಯಾಕರೈಡ್) ಸುಲಿದು, ಪ್ರೋಟೀನಿಗೆ ಅಂಟಿಸಬಹುದು. ಇಲ್ಲವೇ ಆ ಸರಪಳಿಯ ಚಿಕ್ಕ ತುಂಡನ್ನು ಫ್ಲಾಸ್ಕಿನಲ್ಲೇ ಕಟ್ಟಿ ಅಂಟಿಸಬಹುದು. ನನ್ನ ಮನಸ್ಸು ಎರಡನೆಯದರ ಕಡೆಗಿದೆ. ಶುದ್ಧವಾಗಿರುತ್ತದೆ, ಪ್ರತಿ ಸಲವೂ ಅದೇ ಅಣು, ರೋಗಾಣು ಬೆಳೆಸುವ ತಲೆನೋವಿಲ್ಲ.

ಲ್ಯಾಬಿನ ಸೀನಿಯರ್ ಒಬ್ಬರು ಇದನ್ನು ಕೇಳಿ ನಕ್ಕುಬಿಟ್ಟರು. "ಐದು ವರ್ಷ ಗ್ಲೈಕೋಸೈಲೇಶನ್ (ಸಕ್ಕರೆಗೆ ಸಕ್ಕರೆ ಜೋಡಿಸೋದು) ಮಾಡ್ತಾ ಕೂತಿರ್ತೀಯ, ಇಲಿ ಮುಖ ನೋಡೋದೇ ಇಲ್ಲ" ಅಂದರು.

ಇನ್ನೊಂದು ಅನುಮಾನ ಅವರ ಹತ್ತಿರ ಕೇಳಲು ನಾಚಿಕೆಯಾಯಿತು, ಇಲ್ಲಿ ಕೇಳುತ್ತೇನೆ. ಅಷ್ಟಕ್ಕೂ ಸಕ್ಕರೆಯೇ ಯಾಕೆ? ಪ್ರೋಟೀನ್ ಲಸಿಕೆಗಳು ಇವೆಯಲ್ಲ?

ಹಳೇ ಪಿಪೆಟ್

ನಾಚಿಕೆ ಯಾಕಮ್ಮ, ಇದು ನೂರು ವರ್ಷದ ಪ್ರಶ್ನೆ. 1923ರಲ್ಲಿ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಮೈಕೆಲ್ ಹೈಡೆಲ್‌ಬರ್ಗರ್ ಮತ್ತು ಆಸ್ವಾಲ್ಡ್ ಏವರಿ ಇದನ್ನೇ ಹುಡುಕುತ್ತಿದ್ದರು. ನ್ಯುಮೋನಿಯಾ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾದ ಒಂದೊಂದು ಟೈಪಿಗೂ ಬೇರೆ ಬೇರೆ ಗುರುತು ಕೊಡುವ ವಸ್ತು ಯಾವುದು ಅಂತ. ಶುದ್ಧ ಮಾಡುತ್ತಾ ಹೋದಂತೆ ಪ್ರೋಟೀನ್ ಖಾಲಿಯಾಯಿತು, ಗುರುತು ಉಳಿಯಿತು. ಕೊನೆಗೆ ಕೈಗೆ ಸಿಕ್ಕಿದ್ದು ಸಕ್ಕರೆ. ರಕ್ತ ಗುರುತು ಹಿಡಿಯುವುದು ಪ್ರೋಟೀನನ್ನು ಮಾತ್ರ ಅಂತ ಎಲ್ಲರೂ ನಂಬಿದ್ದ ಕಾಲ ಅದು. (ಇದೇ ಏವರಿ ತಂಡ 1944ರಲ್ಲಿ ಆನುವಂಶಿಕ ಗುಣ ಸಾಗಿಸುವುದು ಡಿಎನ್‌ಎ ಅಂತ ತೋರಿಸಿದ್ದೂ ಇದೇ ಹೊದಿಕೆಯ ಜಾಡು ಹಿಡಿದು. ಹೊದಿಕೆ ಇಲ್ಲದ ತಳಿಗೆ ಹೊದಿಕೆ ಬರಿಸಿದ್ದು ಡಿಎನ್‌ಎ.)

ಸಕ್ಕರೆಯೇ ಯಾಕೆ ಅಂದರೆ, ಹೊರಗಡೆ ಇರುವುದು ಅದೇ. ನ್ಯುಮೋಕಾಕಸ್, ಮೆನಿಂಗೋಕಾಕಸ್, ಹಿಬ್ (ಹಿಮೋಫಿಲಸ್ ಇನ್‌ಫ್ಲುಯೆಂಜೆ ಟೈಪ್ ಬಿ), ಟೈಫಾಯ್ಡ್ ಬ್ಯಾಕ್ಟೀರಿಯಾ, ಇವೆಲ್ಲ ಸಕ್ಕರೆಯ ದಪ್ಪ ಹೊದಿಕೆ ಹೊದ್ದುಕೊಂಡೇ ರಕ್ತಕ್ಕೆ ಇಳಿಯುತ್ತವೆ. ಒಳಗಿನ ಗೋಡೆಗೆ ಆಂಟಿಬಾಡಿ, ಕಾಂಪ್ಲಿಮೆಂಟ್ (ರೋಗಾಣುವಿಗೆ ಗುರುತು ಹಚ್ಚುವ ರಕ್ತದ ಪ್ರೋಟೀನುಗಳು) ಅಂಟಿದರೂ ಬಿಳಿ ರಕ್ತಕಣಕ್ಕೆ ಅದು ಎಟುಕುವುದಿಲ್ಲ, ಹೊದಿಕೆ ಅಡ್ಡ ಬರುತ್ತದೆ. ಆಂಟಿಬಾಡಿ ಹೊದಿಕೆಗೇ ಅಂಟಿದರೆ ಮಾತ್ರ ಹಿಡಿಕೆ ಸಿಕ್ಕ ಹಾಗೆ. ಆಮೇಲೆ ನುಂಗುವುದು ಕಷ್ಟವಲ್ಲ.

ತೊಂದರೆ ಏನೆಂದರೆ ಬರೀ ಸಕ್ಕರೆ ಕೊಟ್ಟರೆ ಆಂಟಿಬಾಡಿ ಮಾಡುವ ಬಿ ಕೋಶ ಒಂದೇ ಎಚ್ಚರಗೊಳ್ಳುತ್ತದೆ. ಒಂದೇ ಘಟಕ ನೂರಾರು ಸಲ ಮರುಕಳಿಸುವ ಸರಪಳಿ ಅಲ್ವಾ, ಕೋಶದ ಮೇಲಿನ ರಿಸೆಪ್ಟರುಗಳನ್ನು ಒಟ್ಟಿಗೆ ಎಳೆದು ಕಟ್ಟುತ್ತದೆ. ಆದರೆ ಟಿ ಕೋಶದ ಸಹಾಯ ಸಿಗುವುದಿಲ್ಲ. ಹಾಗಾಗಿ ಆಂಟಿಬಾಡಿ ಬರುತ್ತದೆ, ನೆನಪು ಉಳಿಯುವುದಿಲ್ಲ. ಎರಡು ವರ್ಷದೊಳಗಿನ ಮಕ್ಕಳಲ್ಲಂತೂ ಆಂಟಿಬಾಡಿಯೂ ಸರಿಯಾಗಿ ಬರುವುದಿಲ್ಲ. ಈ ರೋಗಗಳು ಹೆಚ್ಚು ಕಾಡುವುದು ಅದೇ ವಯಸ್ಸಿನಲ್ಲಿ.

ಅದಕ್ಕೇ ಪ್ರೋಟೀನಿಗೆ ಕಟ್ಟುವುದು. ಬಿ ಕೋಶ ಸಕ್ಕರೆಯನ್ನು ಹಿಡಿದು, ಬಾಲಕ್ಕೆ ಕಟ್ಟಿದ ಪ್ರೋಟೀನ್ ಸಮೇತ ನುಂಗುತ್ತದೆ. ಪ್ರೋಟೀನಿನ ಚೂರನ್ನು ಹೊರಗೆ ತೋರಿಸುತ್ತದೆ. ಕಟ್ಟಿದ್ದು ಟೆಟನಸ್ ಪ್ರೋಟೀನ್ ಅಂದುಕೊಳ್ಳಿ, ಅದರ ಗುರುತಿರುವ ಟಿ ಕೋಶ ಬಂದು ಸಹಾಯ ಮಾಡುತ್ತದೆ. ಪಾಪ, ಅದಕ್ಕೆ ಗೊತ್ತಿರುವುದು ಟೆಟನಸ್. ಲಾಭ ಸಿಗುವುದು ಸಕ್ಕರೆ ಹಿಡಿದ ಬಿ ಕೋಶಕ್ಕೆ. ಏವರಿ ಮತ್ತು ಅವರ ಸಹೋದ್ಯೋಗಿ ಗೋಬೆಲ್ 1930ರ ಆಸುಪಾಸಿನಲ್ಲೇ ಮೊಲಗಳಲ್ಲಿ ಇದನ್ನು ಮಾಡಿ ನೋಡಿದ್ದರು. ಟಿ ಕೋಶ ಅನ್ನುವ ಹೆಸರೇ ಆಗ ಹುಟ್ಟಿರಲಿಲ್ಲ.

ಸಂಶಯಪ್ಪ

ಇಷ್ಟೆಲ್ಲ ಸುತ್ತು ಯಾಕೆ? ಎಂಆರ್‌ಎನ್‌ಎ ಹಾಕಿ, ನಮ್ಮ ಕೋಶವೇ ಮಾಡಿಕೊಳ್ಳಲಿ.

ಮೂಲೆ ಮೇಜು

ಸಂಶಯಪ್ಪನವರೇ, ಎಂಆರ್‌ಎನ್‌ಎ ಓದಿ ಕೋಶ ಮಾಡುವುದು ಪ್ರೋಟೀನ್. ಸಕ್ಕರೆ ಸರಪಳಿಗೆ ಅಂಥ ನೇರ ಬರಹ ಇಲ್ಲ. ಹತ್ತಾರು ಎನ್ಜೈಮುಗಳು ಸಾಲಾಗಿ ನಿಂತು ಒಂದೊಂದೇ ಮಣಿ ಪೋಣಿಸುತ್ತವೆ. ಆ ಎನ್ಜೈಮು, ಅವಕ್ಕೆ ಬೇಕಾದ ಕಚ್ಚಾ ಸಕ್ಕರೆ, ಪೋಣಿಸುವ ಪೊರೆ, ಎಲ್ಲವನ್ನೂ ನಮ್ಮ ಕೋಶದಲ್ಲಿ ಹೂಡಬೇಕು. ರಾಮ್ನೋಸ್ ತರದ ಸಕ್ಕರೆ ನಮ್ಮ ಮೈಯಲ್ಲಿ ತಯಾರಾಗುವುದೇ ಇಲ್ಲ.

ಮಕ್ಕಳ ಡಾಕ್ಟ್ರು

ನನ್ನದು ಲ್ಯಾಬ್ ಅಲ್ಲ, ವಾರ್ಡು. ಆದರೂ ಒಂದು ಮಾತು ಹೇಳಬೇಕು ಅನ್ನಿಸಿತು.

ನಾನು ಕಲಿಯುವಾಗ ರಾತ್ರಿ ಡ್ಯೂಟಿಯಲ್ಲಿ ಮೆನಿಂಜೈಟಿಸ್ (ಮೆದುಳಿನ ಪೊರೆಯ ಸೋಂಕು) ಇದೆಯಾ ಅಂತ ನೋಡಲು ಪುಟ್ಟ ಮಕ್ಕಳ ಬೆನ್ನಿನಿಂದ ನೀರು ತೆಗೆಯುವುದು ಮಾಮೂಲಿ ಕೆಲಸ. ನೀರು ತಿಳಿಯಾಗಿ ತೊಟ್ಟಿಕ್ಕಿದರೆ ನಮ್ಮ ಉಸಿರು ಸಲೀಸು. ಮಸುಕಾಗಿ ಬಂದರೆ ಸೂಜಿ ಹಿಡಿದವನಿಗೇ ಗೊತ್ತಾಗುತ್ತಿತ್ತು, ವರದಿ ಕಾಯಬೇಕಾಗಿರಲಿಲ್ಲ. ಅದರಲ್ಲಿ ಎಷ್ಟೋ ಹಿಬ್. ಬದುಕಿದ ಮಕ್ಕಳಲ್ಲೂ ಕೆಲವರಿಗೆ ಕಿವಿ ಹೋಗಿರುತ್ತಿತ್ತು. ಈಗ ನನ್ನ ಕೈಕೆಳಗೆ ಕಲಿಯುವವರಲ್ಲಿ ಹಿಬ್ ಮೆನಿಂಜೈಟಿಸ್ ಕಣ್ಣಾರೆ ನೋಡಿದವರು ತೀರಾ ಕಮ್ಮಿ. ಎಪಿಗ್ಲಾಟೈಟಿಸ್ (ಉಸಿರು ಕಟ್ಟಿಸುವ ಗಂಟಲ ಊತ) ಅವರ ಪಾಲಿಗೆ ಬರೀ ಪುಸ್ತಕದ ಚಿತ್ರ.

ಅಮೆರಿಕದಲ್ಲಿ ಲಸಿಕೆಗೆ ಮುಂಚೆ ಐದು ವರ್ಷದೊಳಗಿನ ಮಕ್ಕಳಲ್ಲಿ ವರ್ಷಕ್ಕೆ ಸುಮಾರು 20,000 ಗಂಭೀರ ಹಿಬ್ ಸೋಂಕು. 1985ರಲ್ಲಿ ಬರೀ ಸಕ್ಕರೆಯ ಲಸಿಕೆ ಬಂತು, ದೊಡ್ಡ ಮಕ್ಕಳಿಗೆ ಮಾತ್ರ ಕೆಲಸ ಮಾಡಿತು. ಪ್ರೋಟೀನಿಗೆ ಕಟ್ಟಿದ್ದು 1987ರಲ್ಲಿ ಬಂತು. 1990ರಲ್ಲಿ ಎರಡು ತಿಂಗಳ ಕೂಸಿಗೂ ಕೊಡಲು ಒಪ್ಪಿಗೆ ಸಿಕ್ಕಿತು. ಕೆಲವೇ ವರ್ಷದಲ್ಲಿ ರೋಗ 99% ಇಳಿಯಿತು. ಸಕ್ಕರೆ ಅದೇ. ಬದಲಾಗಿದ್ದು ಅದನ್ನು ಯಾವುದಕ್ಕೆ ಕಟ್ಟಿದರು ಅನ್ನುವುದು ಅಷ್ಟೇ.

ಸಂಶಯಪ್ಪ

ಡಾಕ್ಟ್ರೇ, ಹಿಬ್ ಒಂದೇ ಟೈಪ್. ಅದು ಗೆಲ್ಲುವ ಕುದುರೆ, ನೀವು ಅದರ ಮೇಲೇ ಹತ್ತಿ ಕೂತಿದ್ದೀರಿ. ನ್ಯುಮೋಕಾಕಸ್‌ಗೆ ನೂರಕ್ಕೂ ಹೆಚ್ಚು ಟೈಪ್. 2000ದಲ್ಲಿ ಏಳು ಟೈಪಿನ ಕಾಂಜುಗೇಟ್ (ಸಕ್ಕರೆಯನ್ನು ಪ್ರೋಟೀನಿಗೆ ಕಟ್ಟಿದ ಲಸಿಕೆ) ಬಂತು. ಆ ಏಳು ಇಳಿದವು, ಖಾಲಿಯಾದ ಜಾಗಕ್ಕೆ ಲಸಿಕೆಯಲ್ಲಿಲ್ಲದ 19ಎ ಟೈಪ್ ಬಂದು ಕೂತಿತು. ಆಮೇಲೆ ಹದಿಮೂರು, ಹದಿನೈದು, ಇಪ್ಪತ್ತು, ಇಪ್ಪತ್ತೊಂದು. ಇದು ಲಸಿಕೆಯೋ ಮಗ್ಗಿಯೋ?

ಸ್ಟ್ಯಾಫ್ (ಸ್ಟ್ಯಾಫಿಲೋಕಾಕಸ್ ಆರಿಯಸ್) ಬ್ಯಾಕ್ಟೀರಿಯಾಕ್ಕೆ ಟೈಪ್ 5 ಮತ್ತು 8ರ ಸಕ್ಕರೆ ಕಟ್ಟಿದ ಲಸಿಕೆ ಡಯಾಲಿಸಿಸ್ ರೋಗಿಗಳಲ್ಲಿ 2005ರಲ್ಲಿ ಬಿದ್ದುಹೋಯಿತು. ಇ. ಕೋಲೈಗೆ ಒಂಬತ್ತು ಸಕ್ಕರೆಯ ಲಸಿಕೆ ಕೊನೆಯ ಹಂತದ ಪ್ರಯೋಗದವರೆಗೆ ಹೋಗಿ, ಪರಿಣಾಮ ಸಾಲದು ಅಂತ 2025ರಲ್ಲಿ ನಿಂತಿತು. ಈ ಹುಡುಗಿಗೆ ಇದನ್ನೂ ಹೇಳಿ. ಬರೀ ಗೆದ್ದ ಕಥೆ ಹೇಳಬೇಡಿ.

ಹಳೇ ಪಿಪೆಟ್

ಸಂಶಯಪ್ಪ ಹೇಳಿದ್ದರಲ್ಲಿ ಸುಳ್ಳಿಲ್ಲ. ನಾನೇ ಇನ್ನೆರಡು ಸೇರಿಸುತ್ತೇನೆ. ಮೆನಿಂಗೋಕಾಕಸ್ ಬಿ ಗುಂಪಿನ ಹೊದಿಕೆ ಪಾಲಿಸಿಯಾಲಿಕ್ ಆಮ್ಲ. ನಮ್ಮದೇ ನರಕೋಶಗಳ ಮೇಲೆ ಇರುವ ಸಕ್ಕರೆಯೂ ಅದೇ. ದೇಹ ಅದನ್ನು ತನ್ನದು ಅಂದುಕೊಂಡು ಸುಮ್ನೆ ಇರುತ್ತದೆ. ಬಲವಂತವಾಗಿ ಎಬ್ಬಿಸಿದರೆ ನಮ್ಮ ನರಕ್ಕೇ ಏಟು ಬಿದ್ದೀತು ಅನ್ನುವ ಭಯ. ಹಾಗಾಗಿ ಅಲ್ಲಿ ಸಕ್ಕರೆ ಬಿಟ್ಟು ಪ್ರೋಟೀನ್ ದಾರಿ ಹಿಡಿದರು. ಎ ಗುಂಪಿನ ಸ್ಟ್ರೆಪ್ಟೋಕಾಕಸ್‌ದೂ ಇದೇ ಕಥೆ, ಅದರ ಹೊದಿಕೆ ಹಯಲ್ಯುರೋನಿಕ್ ಆಮ್ಲ, ನಮ್ಮ ಕೀಲುಗಳಲ್ಲಿ ಇರುವಂಥದ್ದೇ. ಬ್ಯಾಕ್ಟೀರಿಯಾ ನಮ್ಮ ಬಟ್ಟೆ ಹಾಕಿಕೊಂಡು ಬಂದಿದೆ.

ಆದರೆ ಸ್ಟ್ಯಾಫ್ ಬಿದ್ದಿದ್ದನ್ನು ಸಕ್ಕರೆ ಒಂದರ ತಲೆಗೇ ಕಟ್ಟುವುದು ಸರಿಯಲ್ಲ. ಆ ಬ್ಯಾಕ್ಟೀರಿಯಾ ಹೊದಿಕೆ ಒಂದನ್ನೇ ನಂಬಿ ಬದುಕುವುದಿಲ್ಲ, ಬೇಕೆಂದಾಗ ಕಳಚಿಡುತ್ತದೆ. ಪ್ರೋಟೀನೂ ಸೇರಿಸಿ ಮಾಡಿದ ಇನ್ನೊಂದು ಲಸಿಕೆಯ ಪ್ರಯೋಗವೂ 2018ರಲ್ಲಿ ನಿಂತಿತಲ್ಲ. ನನ್ನ ಲೆಕ್ಕ ಇಷ್ಟು: ಹೊದಿಕೆ ಇಲ್ಲದಿದ್ದರೆ ರಕ್ತದಲ್ಲಿ ಸಾಯುವ ಬ್ಯಾಕ್ಟೀರಿಯಾ ಆಗಿದ್ದರೆ ಸಕ್ಕರೆ ಲಸಿಕೆ ಗೆಲ್ಲುತ್ತದೆ. ಹೊದಿಕೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ ಅನ್ನುವ ಬ್ಯಾಕ್ಟೀರಿಯಾದ ಮೇಲೆ ನನಗೆ ಅಷ್ಟು ಭರವಸೆ ಇಲ್ಲ.

ಮಕ್ಕಳ ಡಾಕ್ಟ್ರು

ಮಗ್ಗಿ ಅಂದ್ರಲ್ಲ, ಇನ್ನೊಂದು ಲೆಕ್ಕ ತಗೊಳ್ಳಿ. ಆಫ್ರಿಕಾದಲ್ಲಿ ಮೆನಿಂಜೈಟಿಸ್ ಪದೇ ಪದೇ ಏಳುವ ದೇಶಗಳ ಸಾಲಿನಲ್ಲಿ 1996-97ರ ಒಂದೇ ಅಲೆಯಲ್ಲಿ ಎರಡೂವರೆ ಲಕ್ಷ ಜನಕ್ಕೆ ರೋಗ, 25,000 ಸಾವು. ಹೆಚ್ಚಿನದೆಲ್ಲ ಮೆನಿಂಗೋಕಾಕಸ್ ಎ ಗುಂಪು. 2010ರ ಡಿಸೆಂಬರಿನಲ್ಲಿ ಬುರ್ಕಿನಾ ಫಾಸೋದಿಂದ ಎ ಗುಂಪಿನ ಕಾಂಜುಗೇಟ್ ಲಸಿಕೆ ಶುರುವಾಯಿತು. ತಯಾರಿಸಿದ್ದು ಸೀರಮ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ, ಡೋಸಿಗೆ ಅರ್ಧ ಡಾಲರಿಗಿಂತ ಕಮ್ಮಿ. ಎ ಗುಂಪಿನ ರೋಗ ಆ ದೇಶಗಳಲ್ಲಿ ಹೆಚ್ಚೂಕಮ್ಮಿ ಕಾಣೆಯಾಯಿತು. ಬೇರೆ ಗುಂಪುಗಳು ಉಳಿದವು, ನಿಜ. ಅದಕ್ಕೇ ಈಗ ಐದು ಗುಂಪು ಸೇರಿಸಿದ ಲಸಿಕೆ ಬಂದಿದೆ, 2024ರಲ್ಲಿ ನೈಜೀರಿಯಾ ಮೊದಲು ಶುರು ಮಾಡಿತು.

ಮತ್ತೆ, ಕಾಂಜುಗೇಟ್ ಬರೀ ಚುಚ್ಚಿಸಿಕೊಂಡವರನ್ನು ಕಾಯುವುದಿಲ್ಲ. ಗಂಟಲಲ್ಲಿ ಬ್ಯಾಕ್ಟೀರಿಯಾ ಮನೆ ಮಾಡುವುದೇ ಕಮ್ಮಿಯಾಗುತ್ತದೆ, ಆದ್ದರಿಂದ ಚುಚ್ಚಿಸಿಕೊಳ್ಳದ ಪಕ್ಕದವರಿಗೂ ಹರಡುವುದಿಲ್ಲ. ಬರೀ ಸಕ್ಕರೆ ಲಸಿಕೆಯಿಂದ ಇದು ಆಗುತ್ತಿರಲಿಲ್ಲ.

ಕಲಿಯುವಾಕೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. 'ಯಾಕೆ' ಅನ್ನುವುದು ಅರ್ಥವಾಯಿತು. ಈಗ ನನ್ನ ಮೊದಲ ಪ್ರಶ್ನೆಗೆ ಬನ್ನಿ. ಸುಲಿಯೋದಾ, ಕಟ್ಟೋದಾ?

ಮೂಲೆ ಮೇಜು

ಇದು ನನ್ನ ಏರಿಯಾ, ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ಮೊದಲು ಕಟ್ಟುವುದು ಯಾಕೆ ಕಷ್ಟ ಅಂತ. ಆರು ಅಮೈನೋ ಆಮ್ಲ ಜೋಡಿಸಿದರೆ ಆರೂವರೆ ಕೋಟಿಯ ಒಳಗೇ ಎಲ್ಲ ಸಾಧ್ಯತೆಗಳು ಮುಗಿಯುತ್ತವೆ. ಆರು ಸಕ್ಕರೆ ಜೋಡಿಸುವುದಕ್ಕೆ ಲಕ್ಷ ಕೋಟಿಗೂ ಹೆಚ್ಚು ರೀತಿ ಇದೆ. ಒಂದೊಂದು ಸಕ್ಕರೆಗೂ ನಾಲ್ಕೈದು ಕೈ, ಯಾವ ಕೈ ಹಿಡಿದರೂ ಬಂಧವೇ, ಹಿಡಿಯುವಾಗ ಕೆಳಮುಖವೋ ಮೇಲ್ಮುಖವೋ ಅನ್ನುವುದು ಬೇರೆ. ಬೇಡದ ಕೈಗಳನ್ನೆಲ್ಲ ಮುಚ್ಚಿ, ಒಂದನ್ನೇ ಬಿಟ್ಟು, ಜೋಡಿಸಿ, ಮತ್ತೆ ಬಿಚ್ಚಬೇಕು. ಪ್ರತಿ ಹಂತದಲ್ಲೂ 90% ಸಿಕ್ಕಿತು ಅಂದುಕೊಳ್ಳಿ, ಒಳ್ಳೆಯ ಫಲವೇ. ಮೂವತ್ತು ಹಂತ ದಾಟಿದರೆ ಕೈಯಲ್ಲಿ ಉಳಿಯುವುದು 4%. ಸೀನಿಯರ್ ನಕ್ಕಿದ್ದು ಅದಕ್ಕೇ.

ಇನ್ನೊಂದು ಕಡೆ ನೋಡಿ. ನ್ಯುಮೋಕಾಕಲ್ ಕಾಂಜುಗೇಟಿನ ಒಂದು ಡೋಸಿನಲ್ಲಿ ಒಂದೊಂದು ಟೈಪಿನ ಸಕ್ಕರೆ ಸುಮಾರು 2 ಮೈಕ್ರೋಗ್ರಾಂ. ಒಂದು ಗ್ರಾಂ ಕಟ್ಟಿದರೆ ಐದು ಲಕ್ಷ ಡೋಸಿಗೆ ಸಾಕು. ಔಷಧದ ಲೋಕದಲ್ಲಿ ಇಷ್ಟು ಚಿಕ್ಕ ಪ್ರಮಾಣ ಸಾಕಾಗುವುದು ಅಪರೂಪ.

ಮತ್ತೆ ಇದು ಆಗಿಹೋಗಿರುವ ಕೆಲಸ. ಹವಾನಾ ವಿಶ್ವವಿದ್ಯಾಲಯದ ವಿಸೆಂಟೆ ವೆರೆಸ್ ಬೆಂಕೋಮೊ ತಂಡ ಕೆನಡಾದ ರೆನೆ ರಾಯ್ ಜೊತೆ ಸೇರಿ ಹಿಬ್ ಸಕ್ಕರೆಯನ್ನು ಫ್ಲಾಸ್ಕಿನಲ್ಲಿ ಕಟ್ಟಿತು. ಟೆಟನಸ್ ಪ್ರೋಟೀನಿಗೆ ಅಂಟಿಸಿತು. 2004ರಿಂದ ಕ್ಯೂಬಾದ ಮಕ್ಕಳಿಗೆ ಕೊಡುತ್ತಿದ್ದಾರೆ. ನಿಮಗೆ ಒಂದು ಸಣ್ಣ ನಿರಾಸೆ ಏನೆಂದರೆ, ಅದು ನೀವು ಕನಸು ಕಂಡ 'ಪ್ರತಿ ಸಲವೂ ಅದೇ ಅಣು' ಅಲ್ಲ. ಅವರು ಮಣಿಗಳನ್ನು ಒಂದೊಂದಾಗಿ ಪೋಣಿಸಲಿಲ್ಲ. ಘಟಕ ಒಂದನ್ನು ಮಾಡಿ, ಒಂದೇ ಏಟಿಗೆ ತಮ್ಮಷ್ಟಕ್ಕೆ ತಾವೇ ಸರಪಳಿಯಾಗಲು ಬಿಟ್ಟರು. ಉದ್ದ ಹೆಚ್ಚುಕಮ್ಮಿ ಇರುವ ಮಿಶ್ರಣ ಬಂತು, ಅದೇ ಸಾಕಾಯಿತು. ಇದು ಸೋಮಾರಿತನ ಅಲ್ಲ, ಜಾಣತನ. ನನಗೆ ಆ ಪೇಪರ್ ಓದಿದಾಗ ಹೊಟ್ಟೆಕಿಚ್ಚಾಯಿತು.

ಮಣಿ ಎಣಿಸಿ ಪೋಣಿಸಿದ್ದೂ ಇದೆ. ಪಾಶ್ಚರ್ ಸಂಸ್ಥೆಯವರು ರಕ್ತಭೇದಿ ತರುವ ಶಿಗೆಲ್ಲಾ ಫ್ಲೆಕ್ಸ್‌ನೆರಿ 2ಎ ಬ್ಯಾಕ್ಟೀರಿಯಾದ ಒ-ಆಂಟಿಜೆನ್ (ಹೊರಪೊರೆಯ ಸಕ್ಕರೆ ಸರಪಳಿ) ತುಂಡು ಕಟ್ಟಿದರು. ಐದು ಸಕ್ಕರೆಯ ಘಟಕ, ಅಂಥವು ಮೂರು, ಒಟ್ಟು ಹದಿನೈದು. ಅದು ಮನುಷ್ಯರ ಮೇಲಿನ ಪ್ರಯೋಗದವರೆಗೂ ಹೋಗಿದೆ. ಮೂರೇ ಯಾಕೆ ಅನ್ನುವುದು ಊಹೆಯಲ್ಲ. ಚಿಕ್ಕದು, ದೊಡ್ಡದು ಎಲ್ಲ ಮಾಡಿ, ಯಾವುದಕ್ಕೆ ಆಂಟಿಬಾಡಿ ಸರಿಯಾಗಿ ಕೂರುತ್ತದೆ ಅಂತ ವರ್ಷಗಟ್ಟಲೆ ನೋಡಿದ ಮೇಲೆ ನಿಂತ ಸಂಖ್ಯೆ.

ಕಲಿಯುವಾಕೆ, ನಾನು ಹೇಳಬೇಕಾದ್ದು ಇದೇ. ಸುಲಿಯೋದಾ ಕಟ್ಟೋದಾ ಅನ್ನುವುದು ಎರಡನೇ ಪ್ರಶ್ನೆ. ಆಂಟಿಬಾಡಿ ಯಾವ ತುಂಡನ್ನು ನೋಡುತ್ತಿದೆ ಅನ್ನುವುದು ಮೊದಲನೆಯದು.

ಒಂದು ಉದಾಹರಣೆ ಕೊಡುತ್ತೇನೆ, ಕಾಗದದ ಮೇಲೆ ಬರೆದುಕೊಂಡು ನೋಡಿ. ನ್ಯುಮೋಕಾಕಸ್ 6ಎ ಮತ್ತು 6ಬಿ. ನಾಲ್ಕು ಮಣಿಯ ಘಟಕ, ಗ್ಯಾಲಕ್ಟೋಸ್, ಗ್ಲೂಕೋಸ್, ರಾಮ್ನೋಸ್, ರಿಬಿಟಾಲ್. ಎರಡರಲ್ಲೂ ಅವೇ, ಅದೇ ಸಾಲು. ವ್ಯತ್ಯಾಸ ಒಂದೇ, ರಾಮ್ನೋಸ್ ರಿಬಿಟಾಲಿನ 3ನೇ ಕೈ ಹಿಡಿದರೆ 6ಎ, 4ನೇ ಕೈ ಹಿಡಿದರೆ 6ಬಿ. ಈಗ 19ಎಫ್ ಮತ್ತು 19ಎ. ಅಲ್ಲೂ ಹಾಗೇ, ಗ್ಲೂಕೋಸ್ ರಾಮ್ನೋಸಿನ 2ನೇ ಕೈ ಹಿಡಿದರೆ 19ಎಫ್, 3ನೇ ಕೈ ಹಿಡಿದರೆ 19ಎ. ಕಾಗದದ ಮೇಲೆ ಎರಡೂ ಜೋಡಿಯ ವ್ಯತ್ಯಾಸ ಒಂದೇ ಥರ. ಆದರೆ 6ಬಿ ಲಸಿಕೆ 6ಎ ಯನ್ನೂ ತಕ್ಕಮಟ್ಟಿಗೆ ತಡೆಯಿತು. 19ಎಫ್ ಲಸಿಕೆ 19ಎ ಯನ್ನು ಸರಿಯಾಗಿ ತಡೆಯಲಿಲ್ಲ. ಸಂಶಯಪ್ಪ ಹೇಳಿದ ಖಾಲಿ ಜಾಗಕ್ಕೆ ಬಂದು ಕೂತಿದ್ದು ಅದೇ. ಚಿತ್ರ ನೋಡಿ ಇದನ್ನು ಮೊದಲೇ ಹೇಳಬಲ್ಲೆ ಅನ್ನುವವರಿದ್ದರೆ ನನಗೆ ಕಳಿಸಿ.

ಕಲಿಯುವಾಕೆ

ಕಾಗದದ ಮೇಲೆ ಬರೆದು ನೋಡಿದೆ. ನಿಜವಾಗಲೂ ಒಂದು ಗೆರೆ ಪಕ್ಕಕ್ಕೆ ಸರಿಯುತ್ತದೆ, ಅಷ್ಟೇ! ಹಾಗಾದರೆ ಸರಳ ಘಟಕ ಇರುವ ಟೈಪ್ ಹಿಡಿದರೆ ಕೆಲಸ ಸುಲಭ ಅಲ್ವಾ? ಟೈಪ್ 3 ಬರೀ ಎರಡು ಸಕ್ಕರೆಯದು ಅಂತ ಓದಿದೆ.

ಹಳೇ ಪಿಪೆಟ್

ಎಲ್ಲರೂ ಬಂದು ಬೀಳುವ ಗುಂಡಿ ಅದು. ಟೈಪ್ 3, ಗ್ಲೂಕೋಸ್ ಮತ್ತು ಗ್ಲುಕುರೋನಿಕ್ ಆಮ್ಲ, ಎರಡೇ ಮಣಿ. ಗೋಬೆಲ್ 1939ರಲ್ಲೇ ಆ ಎರಡು ಮಣಿಯ ತುಂಡನ್ನು ಪ್ರೋಟೀನಿಗೆ ಕಟ್ಟಿ ಮೊಲಗಳಲ್ಲಿ ಒಳ್ಳೆಯ ಆಂಟಿಬಾಡಿ ಬರಿಸಿದ್ದ. ಆದರೂ ಇವತ್ತಿನ ಕಾಂಜುಗೇಟುಗಳಲ್ಲಿ ಅತಿ ಕಡಿಮೆ ಕೆಲಸ ಮಾಡುವ ಟೈಪುಗಳಲ್ಲಿ ಅದು ಒಂದು. ಯಾಕೆ ಗೊತ್ತಾ? ಬಹುಪಾಲು ಟೈಪುಗಳಲ್ಲಿ ಹೊದಿಕೆ ಗೋಡೆಗೆ ಗಟ್ಟಿಯಾಗಿ ಬೆಸೆದಿರುತ್ತದೆ. ಟೈಪ್ 3ರಲ್ಲಿ ಹಾಗಿಲ್ಲ, ಸಡಿಲ. ಬ್ಯಾಕ್ಟೀರಿಯಾ ಅದನ್ನು ರಾಶಿ ರಾಶಿ ಉದುರಿಸುತ್ತದೆ. ಕಷ್ಟಪಟ್ಟು ಬರಿಸಿದ ಆಂಟಿಬಾಡಿ ಉದುರಿದ ಸಕ್ಕರೆಗೆ ಅಂಟಿ ದಾರಿಯಲ್ಲೇ ಮುಗಿದುಹೋಗುತ್ತದೆ. ಹಲ್ಲಿ ಬಾಲ ಬಿಟ್ಟು ಓಡಿದ ಹಾಗೆ.

ಬ್ಯಾಚ್ ನಂಬರ್

ಇಷ್ಟು ಹೊತ್ತು ಸುಮ್ನೆ ಓದ್ತಿದ್ದೆ. ನಾನು ಲಸಿಕೆ ತಯಾರಿಕೆಯ ಗುಣಮಟ್ಟ ನೋಡುವ ಕಡೆಯವನು. ನೀವೆಲ್ಲ 'ಅಂಟಿಸುವುದು' ಅಂತ ಒಂದೇ ಪದದಲ್ಲಿ ಮುಗಿಸಿಬಿಟ್ಟಿರಿ, ನಮ್ಮ ಅರ್ಧ ಆಯಸ್ಸು ಅದರಲ್ಲೇ ಹೋಗಿದೆ.

ಸಕ್ಕರೆಗೆ ಪ್ರೋಟೀನನ್ನು ಹಿಡಿಯುವ ಕೈ ತಾನಾಗಿ ಇರುವುದಿಲ್ಲ, ನಾವೇ ಮಾಡಬೇಕು. ಜಾಸ್ತಿ ಬಳಕೆಯಲ್ಲಿರುವುದು ಪೆರಿಯೊಡೇಟ್ ಅನ್ನುವ ರಾಸಾಯನಿಕ. ಪಕ್ಕಪಕ್ಕ ಎರಡು ಹೈಡ್ರಾಕ್ಸಿಲ್ ಇದ್ದಲ್ಲಿ ಉಂಗುರ ಕತ್ತರಿಸಿ ಆಲ್ಡಿಹೈಡ್ ಮಾಡುತ್ತದೆ, ಅದು ಪ್ರೋಟೀನಿನ ಲೈಸಿನ್ ಹಿಡಿಯುತ್ತದೆ, ಸಯನೋಬೊರೊಹೈಡ್ರೈಡ್ ಹಾಕಿ ಬಿಗಿ ಮಾಡುತ್ತೇವೆ. ಕಮ್ಮಿ ಹಾಕಿದರೆ ಅಂಟುವುದಿಲ್ಲ. ಜಾಸ್ತಿಯಾದರೆ ಆಂಟಿಬಾಡಿ ನೋಡಬೇಕಾದ ಮುಖವನ್ನೇ ನಾವು ಕತ್ತರಿಸಿ ಹಾಕಿರುತ್ತೇವೆ. ಟೈಫಾಯ್ಡ್ ಬ್ಯಾಕ್ಟೀರಿಯಾದ ಹೊದಿಕೆಯಾದ ವಿಐ ಸಕ್ಕರೆಗೆ ಇದು ನಡೆಯುವುದೇ ಇಲ್ಲ, ಪಕ್ಕಪಕ್ಕ ಖಾಲಿ ಹೈಡ್ರಾಕ್ಸಿಲ್ ಇಲ್ಲ ಅದರಲ್ಲಿ. ಅಲ್ಲಿ ಕಾರ್ಬಾಕ್ಸಿಲ್ ಹಿಡಿದು ಕಟ್ಟಬೇಕು. ಹಾಗೆ ಟೆಟನಸ್ ಪ್ರೋಟೀನಿಗೆ ಕಟ್ಟಿದ ವಿಐ ಲಸಿಕೆ ನೇಪಾಳದ ಮಕ್ಕಳ ಪ್ರಯೋಗದಲ್ಲಿ ಸುಮಾರು 82% ರಕ್ಷಣೆ ಕೊಟ್ಟಿತು. ಆರು ತಿಂಗಳ ಕೂಸಿನಿಂದಲೇ ಕೊಡಬಹುದು.

ಈಗ ನನ್ನ ತಪ್ಪಿನ ಕಥೆ. ಕೆಲಸಕ್ಕೆ ಸೇರಿದ ಹೊಸತು. ಅಂಟುವಿಕೆ ಕಮ್ಮಿ ಬರುತ್ತಿದೆ ಅಂತ ಪಿಎಚ್ ಅನ್ನು 9ಕ್ಕೂ ಮೇಲೆ ಏರಿಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದರೆ ಅದ್ಭುತ, ಪ್ರೋಟೀನೆಲ್ಲ ಸಕ್ಕರೆ ಹಿಡಿದಿದೆ, ಕಾಲಮ್ಮಿನಲ್ಲಿ ಒಂದೇ ಚೂಪು ಗುಡ್ಡ. ಖುಷಿಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ. ಮಧ್ಯಾಹ್ನ ಎನ್‌ಎಂಆರ್ ಗ್ರಾಫ್ ಬಂತು. 2.0 ಹತ್ತಿರ ಎನ್-ಅಸಿಟೈಲ್ ಗುಡ್ಡ ಇದೆ. ಅದರ ಪಕ್ಕ 2.1ರ ಹತ್ತಿರ ಇರಬೇಕಾದ ಒ-ಅಸಿಟೈಲ್ (ಸಕ್ಕರೆಗೆ ಅಂಟಿರುವ ಚಿಕ್ಕ ರಾಸಾಯನಿಕ ಗುಂಪು) ಜಾಗ ಬಯಲು. ಕ್ಷಾರದಲ್ಲಿ ರಾತ್ರಿಯೆಲ್ಲ ನೆನೆದು ಉದುರಿಹೋಗಿತ್ತು. ಅದು ಮೆನಿಂಗೋಕಾಕಸ್ ಎ ಸಕ್ಕರೆ. ಒ-ಅಸಿಟೈಲ್ ಹೋದರೆ ಇಲಿಯ ಆಂಟಿಬಾಡಿ ನಿಜವಾದ ಬ್ಯಾಕ್ಟೀರಿಯಾವನ್ನು ಗುರುತಿಸುವುದು ಬಹಳ ಕಮ್ಮಿಯಾಗುತ್ತದೆ. ಇಡೀ ಬ್ಯಾಚ್ ಚೆಲ್ಲಿದೆವು. ಆವತ್ತಿನಿಂದ ಕಾಲಮ್ಮಿನ ಗುಡ್ಡ ಎಷ್ಟೇ ಚೂಪಾಗಿರಲಿ, ಎನ್‌ಎಂಆರ್ ಬರುವವರೆಗೆ ನಾನು ಯಾರಿಗೂ ಬಾಯಿ ಬಿಡುವುದಿಲ್ಲ.

ಎ ಸಕ್ಕರೆ ನೀರಲ್ಲೂ ನಿಲ್ಲುವುದಿಲ್ಲ, ಫಾಸ್ಫೇಟ್ ಕೊಂಡಿಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಆ ಲಸಿಕೆ ಒಣಪುಡಿಯಾಗಿ ಬರುವುದು ಅದಕ್ಕೇ. ಹೀಗೆ ಬಿಚ್ಚಿಕೊಂಡು ಬಿಡಿಯಾದ ಸಕ್ಕರೆ ಎಷ್ಟಿದೆ ಅಂತ ಪ್ರತಿ ಬ್ಯಾಚಿನಲ್ಲೂ ಅಳೆಯುತ್ತೇವೆ. ಬಿಡಿ ಸಕ್ಕರೆ ಜಾಸ್ತಿಯಾದರೆ ಅದೇ ಬಿ ಕೋಶವನ್ನು ಹಿಡಿದು, ಟಿ ಕೋಶದ ಸಹಾಯ ತರಿಸದೆ, ಕಟ್ಟಿದ ಸಕ್ಕರೆಯ ಕೆಲಸವನ್ನೂ ಕೆಡಿಸುತ್ತದೆ.

ರಾತ್ರಿ ಪಾಳಿ

ಬ್ಯಾಚ್ ನಂಬರ್ ಅವರ ತಪ್ಪು ಒಂದು ರಾತ್ರಿಯದು. ನನ್ನದು ಏಳು ತಿಂಗಳದ್ದು.

ಸಕ್ಕರೆಯನ್ನು ಟೆಟನಸ್ ಪ್ರೋಟೀನಿಗೆ ಕಟ್ಟಿದೆ, ಇಲಿಗಳಿಗೆ ಕೊಟ್ಟೆ, ರಕ್ತ ತೆಗೆದು ಎಲೈಸಾ (ಆಂಟಿಬಾಡಿ ಇದ್ದರೆ ಬಣ್ಣ ಬರುವ ಪರೀಕ್ಷೆ) ಮಾಡಿದೆ. ಬರೀ ಸಕ್ಕರೆ ಪ್ಲಾಸ್ಟಿಕ್ ತಟ್ಟೆಗೆ ಅಂಟುವುದಿಲ್ಲ ಅಲ್ವಾ, ಜಾರಿಹೋಗುತ್ತದೆ. ಹಾಗಾಗಿ ಸುಲಭದ ದಾರಿ ಅಂತ ಅದೇ ಕಾಂಜುಗೇಟನ್ನು ತಟ್ಟೆಗೆ ಹಚ್ಚಿದೆ. ಬಣ್ಣ ಕಡು ಹಳದಿ. ಎಷ್ಟು ತೆಳು ಮಾಡಿದರೂ ಹಳದಿ. ಪೋಸ್ಟರ್ ಮಾಡಿದೆ, ಮಾತಾಡಿದೆ, ಚಪ್ಪಾಳೆ ಬಂತು. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬರು ಎದ್ದು ಕೇಳಿದರು: "ಈ ಆಂಟಿಬಾಡಿ ಸಕ್ಕರೆಗೋ, ಟೆಟನಸ್‌ಗೋ?"

ವಾಪಸ್ ಬಂದು ಅದೇ ಸಕ್ಕರೆಯನ್ನು ಬೇರೆ ಪ್ರೋಟೀನಿಗೆ, ಬೇರೆ ಕೊಂಡಿಯಿಂದ ಕಟ್ಟಿ ತಟ್ಟೆಗೆ ಹಚ್ಚಿದೆ. ನೀರಿನ ಹಾಗೆ ಬಣ್ಣವೇ ಇಲ್ಲ. ತಟ್ಟೆಯ ಒಂದು ಗುಳಿಯೂ ಹಳದಿಯಾಗಲಿಲ್ಲ.

ಆಮೇಲೆ ಗೊತ್ತಾಗಿದ್ದು, ಆಂಟಿಬಾಡಿ ಬರೀ ಟೆಟನಸ್‌ಗೆ ಅಲ್ಲ, ಸ್ವಲ್ಪ ಪಾಲು ನಾನು ಬಳಸಿದ ಮಲೆಇಮೈಡ್ ಕೊಂಡಿಗೂ ಬಂದಿತ್ತು. ಅದರ ನಡುವೆ ಇರುವ ಬಿರುಸಾದ ಉಂಗುರ ಇಲಿಗೆ ಸಕ್ಕರೆಗಿಂತ ಚೆನ್ನಾಗಿ ಕಾಣುತ್ತದೆ. ಆ ಹಿಂದಿನ ಸಾಲಿನವರ ಮೇಲೆ ಆವತ್ತು ಕೋಪ ಬಂದಿತ್ತು, ಈಗ ಎಲ್ಲೇ ಸಿಕ್ಕರೂ ಎದ್ದು ನಿಲ್ಲುತ್ತೇನೆ.

ಸಂಶಯಪ್ಪ

ಆ ಹಿಂದಿನ ಸಾಲಿನವನು ನಾನಲ್ಲ ಅಂತ ಈಗಲೇ ಸ್ಪಷ್ಟಪಡಿಸುತ್ತೇನೆ.

ಆದರೆ ಒಂದು ಕೇಳಬೇಕು. ಅಂಟಿಸುವುದೇ ಇಷ್ಟು ಗೋಳಾದರೆ, ಬ್ಯಾಕ್ಟೀರಿಯಾದ ಕೈಯಲ್ಲೇ ಅಂಟಿಸಿಕೊಳ್ಳಬಾರದಾ?

ಮೂಲೆ ಮೇಜು

ಅದೂ ಆಗಿದೆ ಸ್ವಾಮಿ. ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ತನ್ನ ಪ್ರೋಟೀನುಗಳಿಗೆ ತಾನೇ ಸಕ್ಕರೆ ಅಂಟಿಸುತ್ತದೆ, ಅಂಟಿಸುವ ಎನ್ಜೈಮಿನ ಹೆಸರು ಪಿಜಿಎಲ್‌ಬಿ. ಜ್ಯೂರಿಕ್‌ನ ಇಟಿಎಚ್‌ನವರು 2002ರಲ್ಲಿ ಆ ಇಡೀ ಏರ್ಪಾಡನ್ನು ಇ. ಕೋಲೈ ಒಳಗೆ ಕೂರಿಸಿ ತೋರಿಸಿದರು. ಈಗ ಬೇರೆ ರೋಗಾಣುವಿನ ಸಕ್ಕರೆ ಕಟ್ಟುವ ಜೀನುಗಳನ್ನೂ, ವಾಹಕ ಪ್ರೋಟೀನನ್ನೂ ಅದಕ್ಕೆ ಕೊಟ್ಟರೆ ಕಟ್ಟಿದ ಲಸಿಕೆಯೇ ಕೈಗೆ ಬರುತ್ತದೆ. ಪ್ರೋಟೀನಿನ ಯಾವ ಜಾಗಕ್ಕೆ ಅಂಟಬೇಕು ಅನ್ನುವುದೂ ನಮ್ಮ ಹಿಡಿತದಲ್ಲಿ. ನೀವೇ ಹೇಳಿದ ಆ ನಿಂತುಹೋದ ಇ. ಕೋಲೈ ಲಸಿಕೆ ಮಾಡಿದ್ದು ಹೀಗೆಯೇ. ಅಂಟಿಸುವ ವಿಧಾನ ಚೆನ್ನಾಗಿ ನಡೆಯಿತು, ಲಸಿಕೆ ಗೆಲ್ಲಲಿಲ್ಲ. ಎರಡೂ ಬೇರೆ ಬೇರೆ ಮಾತು. ಒಂದು ತಕರಾರು ಇದೆ, ಪಿಜಿಎಲ್‌ಬಿ ಎಲ್ಲ ಸಕ್ಕರೆಯನ್ನೂ ಮುಟ್ಟುವುದಿಲ್ಲ. ಸರಪಳಿಯ ಬುಡದ ಮಣಿ ಅದಕ್ಕೆ ಒಗ್ಗಬೇಕು.

ಕಲಿಯುವಾಕೆ

ಎರಡು ದಿನ ಈ ಥ್ರೆಡ್ಡನ್ನು ಮತ್ತೆ ಮತ್ತೆ ಓದಿದೆ. ಕಟ್ಟುವ ಆಸೆ ಬಿಟ್ಟಿಲ್ಲ. ಆದರೆ ಏನು ಕಟ್ಟಬೇಕು ಅಂತಲೇ ಗೊತ್ತಿಲ್ಲದೆ ಹೊರಟಿದ್ದೆ ಅಂತ ಅರ್ಥವಾಯಿತು. ಹೀಗೆ ಮಾಡಿದರೆ ಹೇಗೆ?

ನೈಸರ್ಗಿಕ ಸಕ್ಕರೆ ಶುದ್ಧವಾಗಿ ಖರೀದಿಗೆ ಸಿಗುತ್ತದೆ. ಅದನ್ನು ತೆಳು ಆಮ್ಲದಲ್ಲಿ ತುಂಡು ಮಾಡುತ್ತೇನೆ. ಕಾಲಮ್ಮಿನಲ್ಲಿ ಉದ್ದದ ಪ್ರಕಾರ ಬೇರೆ ಮಾಡುತ್ತೇನೆ. ಟೈಪ್ ಗುರುತಿಸಲು ಬಳಸುವ ಮೊಲದ ಸೀರಮ್ಮಿಗೆ ಒಂದೊಂದು ತುಂಡನ್ನೂ ಮೊದಲೇ ಬೆರೆಸಿ, ಆಮೇಲೆ ಪೂರ್ತಿ ಸಕ್ಕರೆ ಹಚ್ಚಿದ ತಟ್ಟೆಗೆ ಹಾಕುತ್ತೇನೆ. ಆಂಟಿಬಾಡಿಗೆ ಬೇಕಾದಷ್ಟು ಉದ್ದ ಇರುವ ತುಂಡು ಸಿಕ್ಕಾಗ ಅದು ಅಲ್ಲೇ ತುಂಬಿಹೋಗಿ ತಟ್ಟೆಯಲ್ಲಿ ಬಣ್ಣ ಇಳಿಯಬೇಕು. ಎಲ್ಲಿ ಇಳಿಯುತ್ತದೋ ಅಷ್ಟುದ್ದ ಕಟ್ಟುತ್ತೇನೆ.

ಮೂಲೆ ಮೇಜು

ಇದು ಕೆಲಸ. ಬಿ ಗುಂಪಿನ ಸ್ಟ್ರೆಪ್ಟೋಕಾಕಸ್ ಟೈಪ್ 3ರಲ್ಲಿ ಹೀಗೇ ಗೊತ್ತಾಗಿದ್ದು, ಒಂದೇ ಘಟಕಕ್ಕೆ ಆಂಟಿಬಾಡಿ ಅಷ್ಟಾಗಿ ಕೂರುವುದಿಲ್ಲ, ಸರಪಳಿ ಉದ್ದವಾದಂತೆ ಹಿಡಿತ ಬಿಗಿಯಾಗುತ್ತದೆ. ಸರಪಳಿ ತಿರುಗಿ ಒಂದು ಆಕಾರಕ್ಕೆ ಬಂದ ಮೇಲೇ ಆಂಟಿಬಾಡಿಗೆ ಅದು ಕಾಣುವುದು. ನಿಮ್ಮದು ಯಾವ ಥರ ಅಂತ ಎರಡು ತಿಂಗಳಲ್ಲಿ ಗೊತ್ತಾಗುತ್ತದೆ. ಎರಡು ವರ್ಷ ಉಳಿಯಿತು.

ಬ್ಯಾಚ್ ನಂಬರ್

ಆಮ್ಲದಲ್ಲಿ ತುಂಡು ಮಾಡಿದ ಮೇಲೆ ಒ-ಅಸಿಟೈಲ್ ಉಳಿದಿದೆಯಾ ನೋಡಿ. ಪ್ರತಿ ತುಂಡಿನದೂ. ನಾನು ಇದನ್ನು ಎಷ್ಟು ಸಲ ಹೇಳಿದರೂ ಜಾಸ್ತಿ ಅಲ್ಲ.

ಹಳೇ ಪಿಪೆಟ್

ಮೊಲದ ಟೈಪಿಂಗ್ ಸೀರಮ್ಮನ್ನು ಇಡೀ ಬ್ಯಾಕ್ಟೀರಿಯಾ ಕೊಟ್ಟು ತಯಾರಿಸಿರುತ್ತಾರೆ, ಅದರಲ್ಲಿ ಬೇರೆ ಆಂಟಿಬಾಡಿಯೂ ಇರಬಹುದು. ಗೋಡೆಯ ಸಕ್ಕರೆಯನ್ನು ಮೊದಲೇ ಬೆರೆಸಿ ಅವನ್ನು ತೆಗೆದುಬಿಡು. ಇಲ್ಲದಿದ್ದರೆ ಬಣ್ಣ ಇಳಿಯುವುದೇ ಇಲ್ಲ, ನಿನ್ನ ತುಂಡುಗಳದ್ದೇ ತಪ್ಪು ಅಂದುಕೊಳ್ಳುತ್ತೀಯ. ಸಾಧ್ಯವಾದರೆ ಕಾಂಜುಗೇಟ್ ಲಸಿಕೆ ಪಡೆದ ಮನುಷ್ಯರ ಸೀರಮ್ಮನ್ನೂ ಪಕ್ಕದಲ್ಲಿ ಇಟ್ಟು ನೋಡು. ಮೊಲ ನೋಡುವ ತುಂಡೇ ನಾವೂ ನೋಡುತ್ತೇವೆ ಅಂತೇನಿಲ್ಲ.

ರಾತ್ರಿ ಪಾಳಿ

ತಟ್ಟೆಗೆ ಏನು ಹಚ್ಚುತ್ತೀರಿ?

ಕಲಿಯುವಾಕೆ

ಮೂರು ಸಾಲು ಮಾಡುತ್ತೇನೆ. ಒಂದಕ್ಕೆ ಪಾಲಿಲೈಸಿನ್ (ಸಕ್ಕರೆಯನ್ನು ತಟ್ಟೆಗೆ ಹಿಡಿಸುವ ಅಂಟು) ಜೊತೆ ಸಕ್ಕರೆ, ಒಂದಕ್ಕೆ ಬರೀ ಪಾಲಿಲೈಸಿನ್, ಒಂದು ಖಾಲಿ. ಟೆಟನಸ್ ಹತ್ತಿರವೂ ಬಿಡುವುದಿಲ್ಲ.

ರಾತ್ರಿ ಪಾಳಿ

ಸರಿ, ಇನ್ನು ನನಗೆ ನಿದ್ದೆ ಬರುತ್ತದೆ.

ಸಂಶಯಪ್ಪ

ಯಾವ ಟೈಪ್ ಹಿಡಿದಿದ್ದೀರಿ ಅಂತ ಹೇಳಲೇ ಇಲ್ಲ. ಟೈಪ್ 3 ಅಲ್ಲ ತಾನೇ?

ಕಲಿಯುವಾಕೆ

19ಎ. ಪಕ್ಕದಲ್ಲೇ 19ಎಫ್ ತುಂಡುಗಳನ್ನೂ ಓಡಿಸುತ್ತೇನೆ. ಆ ಒಂದು ಗೆರೆ ಎಷ್ಟು ಉದ್ದದಲ್ಲಿ ಲೆಕ್ಕಕ್ಕೆ ಬರುತ್ತದೆ ಅಂತ ನೋಡಬೇಕು. ಗೈಡ್ ಒಪ್ಪಿದ್ದಾರೆ, ಸೋಮವಾರ ಸಕ್ಕರೆ ಆರ್ಡರ್ ಮಾಡುತ್ತಿದ್ದೇವೆ.